ಕೆಂದಿಯ ಹಾಲು ಬತ್ತಿಸಿದ್ದು

ಹೇಮಾವತಿ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಗುರು ಚೆನ್ನಾಜಮ್ಮ. ಅಲ್ಲಿಗೆ ಬರುವ ಮೊದಲು ಅವರು ಪಶುವೈದ್ಯ ಕಾಲೇಜಿನಲ್ಲಿ ಜೀವಕೋಶಗಳ ಪಾಠ ಹೇಳುತ್ತಿದ್ದರು. ಶಿಷ್ಯೆ ನೀಲಾಂಬಿಕೆ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದಳು.

ನೀಲಾಂಬಿಕೆ ಒಳ್ಳೆಯವಳು, ಕೆಲಸಗಾತಿ. ಅವಳದೊಂದು ಚಾಳಿ. ಹುಲ್ಲು ಹಾಕಲಾ ಎಂದು ಗುರುವನ್ನು ಕೇಳುವಳು. ಹಾಕಿದ ಮೇಲೆ, ಸಾಕಾ ಎಂದು ಕೇಳುವಳು. ಉತ್ತರ ಗೊತ್ತಿದ್ದೂ ಕೇಳುವಳು. ಗುರುವಿನ ಬಾಯಿಂದ ಬಂದರೇ ಅವಳಿಗೆ ಸಮಾಧಾನ.

ಕೆಂದಿ ಹಸು ಗಬ್ಬವಾಗಿತ್ತು. ಈಯುವುದಕ್ಕೆ ಇನ್ನು ಒಂದೆರಡು ತಿಂಗಳಿತ್ತು.

"ಇವತ್ತಿಂದ ಹಾಲು ಕರೀಬೇಡ," ಎಂದರು ಚೆನ್ನಾಜಮ್ಮ. "ಹಿಂಡಿ ನಿಲ್ಸು, ಒಣಹುಲ್ಲು ಹಾಕು. ಕೆಚ್ಚಲು ಬತ್ತಬೇಕು. ಬತ್ತದೆ ಹೋದ್ರೆ ಹುಟ್ಟೋ ಕರೂಗೆ ಒಳ್ಳೆ ಗಿಣ್ಣು ಸಿಗಲ್ಲ. ಗಿಣ್ಣು ಸಾಲದ ಕರು ಉಳಿಯೋದು ಕಷ್ಟ."

"ಸ್ವಲ್ಪಾನೂ ಕರೀಬಾರ್ದಾ ಅಮ್ಮಾ?"

"ಸ್ವಲ್ಪಾನೂ ಬೇಡ."

ಕೆಚ್ಚಲು ಬಿಗಿಯಿತು. ಕೆಂದಿ ಕಾಲು ಬದಲಿಸುತ್ತ ನಿಂತು, ನೀಲಾಂಬಿಕೆಯನ್ನು ಕಂಡಾಗಲೆಲ್ಲ ಕೂಗಿತು. ಸಂಜೆ ಎಲ್ಲರೂ ಭಜನೆಗೆ ಕೂತಾಗ ಅವಳು ಸಣ್ಣ ಪಾತ್ರೆ ಹಿಡಿದು ಕೊಟ್ಟಿಗೆಗೆ ಹೋದಳು. ಸ್ವಲ್ಪವೇ ಕರೆದು ಆಶ್ರಮದ ನಾಯಿಗೆ ಹಾಕಿದಳು. ಮರುದಿನವೂ ಹೋದಳು. ಅಭ್ಯಾಸವಾಯಿತು.

ಎಷ್ಟು ದಿನ ಕಳೆದರೂ ಕೆಚ್ಚಲು ಇಳಿಯಲಿಲ್ಲ. ನಾಯಿ ಮಾತ್ರ ದುಂಡಗಾಯಿತು.

ಚೆನ್ನಾಜಮ್ಮ ಮೊದಲು ನಾಯಿಯನ್ನು ನೋಡಿದರು. ಆಮೇಲೆ ಕೊಟ್ಟಿಗೆಗೆ ಬಂದು ಕೆಚ್ಚಲು ಮುಟ್ಟಿ ನೋಡಿದರು.

"ಕದ್ದು ಹಾಲು ಕರೀತಿದ್ದೀಯ."

ನೀಲಾಂಬಿಕೆ ತಲೆ ತಗ್ಗಿಸಿದಳು. "ನೋವು ತಿಂತಿತ್ತು ಅಮ್ಮಾ. ನೋಡಕ್ಕಾಗ್ಲಿಲ್ಲ."

"ಆ ನೋವು ನಾಲ್ಕು ದಿನದ್ದು. ನೀನು ಅದನ್ನ ಎಳೀತಾ ಇದ್ದೀಯ," ಎಂದರು ಅವರು. "ಹಾಲು ಮಾಡೋ ಒಂದೊಂದು ಕೋಶದೊಳಗೂ ಜೀನುಗಳಿವೆ. ಬದುಕು ಅನ್ನೋವು ಇವೆ, ಸಾಯಿ ಅನ್ನೋವೂ ಇವೆ. ಹಾಲು ಹೊರಗೆ ಹೋಗ್ತಿರೋವರೆಗೂ ಬದುಕು ಅನ್ನೋವುಗಳ ಮಾತೇ ನಡೆಯುತ್ತೆ. ಹಾಲು ಒಳಗೇ ನಿಲ್ತು ಅಂದ್ರೆ ಇನ್ನೊಂದು ಗುಂಪು ಎದ್ದು ಕೂರುತ್ತೆ. ಆಗ ಕೋಶ ತನ್ನನ್ನ ತಾನೇ ಮುಗಿಸ್ಕೊಳ್ಳುತ್ತೆ. ಗಲಾಟೆ ಇಲ್ಲ, ಕೀವಿಲ್ಲ. ಅಕ್ಕಪಕ್ಕದವೇ ಅದನ್ನ ನುಂಗಿ ಜಾಗ ಮಾಡ್ತವೆ. ಆ ಜಾಗದಲ್ಲಿ ಹೊಸವು ಹುಟ್ಟಬೇಕು. ನೀನು ದಿನಾ ಪಾತ್ರೆ ಹಿಡ್ಕೊಂಡು ಹೋಗಿ, ಇನ್ನೂ ಕೆಲಸ ಇದೆ ಇರ್ರಪ್ಪಾ ಅಂತ ಸುಳ್ಳು ಹೇಳ್ತಿದ್ದೀಯ."

"ಸಾಯಿ ಅನ್ನೋದನ್ನ ಹುಟ್ಟುವಾಗಲೇ ಒಳಗೆ ಬರೆದಿಡೋದಾ? ಇದೆಂಥ ಕ್ರೌರ್ಯ ಅಮ್ಮಾ?"

ಚೆನ್ನಾಜಮ್ಮ ಶಿಷ್ಯೆಯ ಕೈ ಹಿಡಿದು ಸೆರಗಿನೊಳಗೆ ತಮ್ಮ ಎಡಗಡೆಯ ಮೊಲೆಯ ಮೇಲೆ ಇಟ್ಟುಕೊಂಡರು. ಅವಳ ಬೆರಳಿಗೆ ಅವರೆಕಾಳಿನಷ್ಟು ಗಟ್ಟಿ ಗಂಟು ತಗುಲಿತು.

"ಇವು ಸಾಯಿ ಅಂದ್ರೆ ಕೇಳದೆ ಕೂತಿರೋ ಕೋಶಗಳು," ಎಂದರು. "ಸೋಮವಾರ ಆಸ್ಪತ್ರೆಗೆ ಸೇರ್ತೀನಿ. ಕೊಯ್ದು ತೆಗೀತಾರೆ."

ನೀಲಾಂಬಿಕೆಗೆ ಕೈ ತೆಗೆಯಲಾಗಲಿಲ್ಲ. ಮಗುವಿನಂತೆ ಬಿಕ್ಕಿ ಅತ್ತಳು.

"ನಾನೂ ಬರ್ತೀನಿ."

"ಕೆಂದಿ ಹತ್ರ ಯಾರಿರ್ತಾರೆ?"

"ನೀವು ವಾಪಸ್ ಬರದೆ ಹೋದ್ರೆ ನಾನೇನು ಮಾಡ್ಲಿ?"

"ಕೆಚ್ಚಲು ಮುಟ್ಟಬೇಡ," ಎಂದರು ಚೆನ್ನಾಜಮ್ಮ.

ಅವರು ಹೋದ ಸಂಜೆಯೂ ಕೆಂದಿ ಕೂಗಿತು. ನೀಲಾಂಬಿಕೆ ಪಾತ್ರೆಯನ್ನು ಅಡುಗೆಮನೆಯಲ್ಲಿ ಬೋರಲು ಹಾಕಿ ಬಂದು, ಹಸುವಿನ ಕೊರಳಡಿಯ ಗಂಗೆದೊಗಲು ತುರಿಸುತ್ತ ನಿಂತಳು. ಹಸುವಿಗಿಂತ ಅವಳಿಗೇ ಹೆಚ್ಚು ಸಂಕಟವಾಯಿತು. ಕೆಲವು ದಿನಕ್ಕೆ ಕೂಗು ನಿಂತಿತು. ಕೆಚ್ಚಲು ಸಡಿಲವಾಗಿ ಖಾಲಿ ಚೀಲದಂತೆ ಜೋತುಬಿತ್ತು. ನಾಯಿ ಬಂದು ನೋಡಿ ನೋಡಿ ಹೋಯಿತು.

ಆಸ್ಪತ್ರೆಯಿಂದ ಸುದ್ದಿ ಬಂತು. ಗಂಟು ತೆಗೆದಿದ್ದಾರೆ. ಚಿಕಿತ್ಸೆ ಇನ್ನೂ ಇದೆ, ಅಮ್ಮ ಅಲ್ಲೇ ಇರಬೇಕು. ಮುಂದಿನದನ್ನು ಡಾಕ್ಟರೂ ಹೇಳುತ್ತಿಲ್ಲ.

ಒಂದು ಬೆಳಗ್ಗೆ ಕೆಂದಿ ಈಯಿತು. ಹೆಣ್ಣು ಕರು. ಎರಡು ಸಲ ಮುಗ್ಗರಿಸಿ ಎದ್ದು ನಿಂತು ತಾನೇ ಮೊಲೆ ಹುಡುಕಿಕೊಂಡಿತು. ಅದರ ಬಾಯಿಯ ಅಂಚಿನಲ್ಲಿ ಅರಿಸಿನ ಬಣ್ಣದ ಗಿಣ್ಣು ಜಿನುಗುತ್ತಿತ್ತು. ಎಲ್ಲವೂ ಸರಿಯಾಗಿತ್ತು. ನೀಲಾಂಬಿಕೆಗೆ ಅದು ಚೆನ್ನಾಗಿ ಗೊತ್ತಿತ್ತು.

ಆದರೂ ಫೋನ್ ಮಾಡಿದಳು.

"ಅಮ್ಮಾ, ಕರು ಎದ್ದು ನಿಂತಿದೆ. ಗಿಣ್ಣು ಗಟ್ಟಿಯಾಗಿದೆ. ಹೊಟ್ಟೆ ತುಂಬ ಕುಡಿಯೋಕೆ ಬಿಡಲಾ? ಕೆಂದಿಗೆ ಬಿಸಿನೀರಲ್ಲಿ ಬೆಲ್ಲ ಕದಡಿ ಕೊಡಲಾ?"

ಆ ಕಡೆಯಿಂದ ಚೆನ್ನಾಜಮ್ಮನ ದನಿ ಬಂತು, ಸಣ್ಣಗೆ.

"ಉತ್ತರ ನಿನಗೇ ಗೊತ್ತು. ಮತ್ತೆ ಕದ್ದು ಹಾಲು ಕರೀತಿದ್ದೀಯ, ನೀಲಾ."