ಗೂಟ ಬಿಟ್ಟ ಬೆಳ್ಳಕ್ಕಿ

ಇದನ್ನು ಮೊದಲು ಹೇಳಿದವಳು ಮಾಜಾಳಿಯಲ್ಲಿ ಮೀನು ಮಾರುವ ದೇವಕಿ ತಾಂಡೇಲ. ಕಾರವಾರದ ಅಳಿವೆಯಲ್ಲಿ ದೋಣಿ ಕಟ್ಟುವ ಗೂಟವೊಂದು ಬೆಳ್ಳಕ್ಕಿಯ ಜಾಗವಾಗಿತ್ತು. ಮೀನು ಕಾಲಬುಡಕ್ಕೇ ಬರುತ್ತಿತ್ತು. ಚಳಿಗಾಲದಲ್ಲಿ ಹಕ್ಕಿ ನೋಡಲು ಬಂದವರು "ಹುಶ್" ಎಂದು ಅದನ್ನು ಓಡಿಸಿ, ಹಿಂದಿದ್ದ, ದೂರದೇಶದಿಂದ ವಲಸೆ ಬಂದ ಕಡಲಕ್ಕಿಯ ಫೋಟೊ ತೆಗೆದರು.

"ನಿನಗಿಂತ ನಾನೇ ಬೆಳ್ಳಗಿದ್ದೇನಲ್ಲೇ!" ಎಂದಿತು ಬೆಳ್ಳಕ್ಕಿ.

"ಇರಬಹುದು ಅಕ್ಕ. ಆದರೆ ನಾನು ಬಂದುಹೋಗುವವಳು, ನೀವು ಇಲ್ಲೇ ಬಿದ್ದಿರುವವರು," ಎಂದಿತು ಕಡಲಕ್ಕಿ.

ಬೆಳ್ಳಕ್ಕಿಗೆ ಚುರುಕ್ಕೆಂದಿತು. ಗುಡ್ಡದಾಚೆಯ ಗದ್ದೆಯಲ್ಲಿ ಅರೆಹೊಟ್ಟೆಯಲ್ಲೇ ತಿಂಗಳು ಕಳೆದು, ದೂರದೇಶದಿಂದ ಬಂದವಳ ಗತ್ತಿನಲ್ಲಿ ಮರಳಿತು. ಒಂದು ಕ್ಯಾಮೆರಾವೂ ಮೇಲೇಳಲಿಲ್ಲ. ಗೂಟದ ಮೇಲೆ ನೀರುಕಾಗೆ ಮೀನು ನುಂಗುತ್ತ ಕೂತಿತ್ತು.

"ಸರಿಯೋ ಆಚೆ, ಅದು ನನ್ನ ಜಾಗ!"

"ವಲಸೆ ಬಂದವರೆಲ್ಲ ಆ ಕಡೆ, ತಾಯಿ. ಇದು ಊರವರದ್ದು," ಎಂದಿತು ನೀರುಕಾಗೆ.

ಊರಲ್ಲೇ ಇರುವ ಯಾರಿಗಾದರೂ ಇದನ್ನು ಹೇಳಿಬಿಡಿ, ಅವರು ಹೊರಡುವ ಮೊದಲೇ.