ವಿ-ಒನ್ ಕೂಗಿದವನು

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಮೃಗಾವತಿಯವರು ವಿಮಾನದ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹೊತ್ತು ಮುಳುಗುವಾಗ ಹಾರುತ್ತದೆ.”

ಸಾರಿ ಸಾರಿ ಡಂಗುರದವನ ಗಂಟಲು ಕಟ್ಟಿತ್ತು. ಬೆಳಗಿನಿಂದ ಕಾದು ಕಾದು ಹದ್ದಿನಕೋಟೆಯಲ್ಲಿ ಆ ದಿನ ಸುಸ್ತಾಗದವರೇ ಇರಲಿಲ್ಲ. ರಾಜಕುಮಾರಿ ಆಕಳಿಸುತ್ತಲೇ ಮೊದಲ ಒಗಟು ಹೇಳಿದಳು: “ನಾನು ಬರುವ ತನಕ ನಿಲ್ಲಬಹುದು. ನಾನು ಬಂದು ಹೋದ ಮೇಲೆ ಇಂಜಿನ್ ಸತ್ತರೂ ನಿಲ್ಲುವಂತಿಲ್ಲ. ಯಾರು ನಾನು?”

ಪಕ್ಕದ ದೇಶದ ರಾಜಕುಮಾರ “ಬಾಣ” ಎಂದ. ಸಾಹುಕಾರರ ಮಗ “ಮದುವೆ” ಎಂದ. ಇಬ್ಬರನ್ನೂ ಕಟ್ಟಿ, ತಲೆ ಕಡಿಯುವ ಕೊಡಲಿಯವನ ಪಕ್ಕ ಕೂರಿಸಿದರು. ಮೂರನೆಯವನು ಪೈಲಟ್ ನಂಜುಂಡ. ಅವನು ಎದೆಯುಬ್ಬಿಸಿ, “ವಿ-ಆರ್, ಮೂತಿ ಎತ್ತುವ ವೇಗ” ಎಂದ. ಅವನು ಹಾರಿಸುವ ಸಣ್ಣ ವಿಮಾನದಲ್ಲಿ ಒಗಟಿನ ವೇಗವೂ ಮೂತಿ ಎತ್ತುವ ವೇಗವೂ ಒಟ್ಟಿಗೇ ಬಂದುಬಿಡುತ್ತಿದ್ದವು, ಪಾಪ, ಅದಕ್ಕೇ ಎಡವಿದ. ಅವನನ್ನೂ ಕಟ್ಟಿದರು.

ಆಗ ಅವನ ತಮ್ಮ ಚಿಕ್ಕೀರ ಗುಂಪಿನಿಂದ ಮುಂದೆ ಬಂದ. ವಿಮಾನದ ಚಕ್ರ ತೊಳೆಯುವ ಆಳು. ಅಣ್ಣ ಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ಅವನಿಗೂ ಬಾಯಿಪಾಠವಾಗಿತ್ತು. ರಾಜ್ಯ ಯಾರಿಗೆ ಬೇಕಿತ್ತು? ಅವನಿಗೆ ಅಣ್ಣ ಬೇಕಿತ್ತು.

“ಅದು ವಿ-ಒನ್, ಅಮ್ಮಣ್ಣಿ. ವೇಗಕ್ಕೆ ವಿ ಅಂತಾರೆ. ಅದು ದಾಟಿದ ಮೇಲೆ ಬ್ರೇಕ್ ಹಾಕಿದ್ರೆ ರನ್‌ವೇ ಸಾಕಾಗಲ್ಲ. ಹಾರಲೇಬೇಕು.”

ರಾಜಕುಮಾರಿ ನೆಟ್ಟಗೆ ಕುಳಿತಳು. “ನನಗಿಂತ ನಿಧಾನವಾದರೆ ರೆಕ್ಕೆಯಿದ್ದೂ ಇಲ್ಲದಂತೆ. ಯಾರು?”

“ವಿ-ಎಸ್. ಅದಕ್ಕಿಂತ ಕಮ್ಮಿಯಾದ್ರೆ ರೆಕ್ಕೆ ಕೈಬಿಡುತ್ತೆ, ವಿಮಾನ ಬೀಳುತ್ತೆ.”

“ಮಾಪಕದ ಮೇಲೆ ಕೆಂಪು ಗೆರೆ ನಾನು. ದಾಟಿದವನ ವಿಮಾನ ಗಾಳಿಯಲ್ಲೇ ಬಿಚ್ಚಿಹೋದೀತು.”

“ವಿ-ಎನ್‌ಇ. ಯಾವತ್ತೂ ಮೀರಬಾರದ ವೇಗ.”

ಮೂರೂ ಸರಿ. ಸಭೆಗೆ ಚಪ್ಪಾಳೆ ತಟ್ಟುವಷ್ಟೂ ತ್ರಾಣವಿರಲಿಲ್ಲ. ಚಿಕ್ಕೀರ ಕೈಮುಗಿದು ಅಣ್ಣನನ್ನು ಬಿಡಿ ಎಂದ.

ರಾಜ ಅಡ್ಡಡ್ಡ ತಲೆಯಾಡಿಸಿದ. “ಆಜ್ಞೆ ಆಗಿಹೋಗಿದೆ. ಅದೂ ನಿನ್ನ ವಿ-ಒನ್ ದಾಟಿದ ಹಾಗೆಯೇ, ಮಗು. ಇನ್ನು ನಿಲ್ಲಿಸಲಾಗದು.”

ಚಿಕ್ಕೀರ ಕಿಟಕಿಯತ್ತ ನೋಡಿದ. “ವಿ-ಒನ್ ಎಲ್ಲಿ ಅನ್ನೋದನ್ನ ಮುಂದೆ ಉಳಿದಿರೋ ದಾರಿ ನೋಡಿ ಹೇಳಬೇಕು, ಬುದ್ಧಿ. ಹೊತ್ತು ಇನ್ನೂ ಮುಳುಗಿಲ್ಲ. ಕೊಡಲಿ ಇನ್ನೂ ಕೆಳಗಿದೆ. ಬ್ರೇಕ್ ಹಾಕೋಕೆ ಜಾಗ ಇದೆ.”

ರಾಜ ಎದ್ದು ಕಿಟಕಿಯ ಬಳಿ ಹೋಗಿ ಸೂರ್ಯ ಎಲ್ಲಿದ್ದಾನೆಂದು ನೋಡಿದ. ಅಷ್ಟೂ ಹೊತ್ತು ನಂಜುಂಡ ತಮ್ಮನನ್ನೇ ನೋಡುತ್ತಿದ್ದ. ಕೊನೆಗೆ ರಾಜ, “ಮೂವರನ್ನೂ ಬಿಚ್ಚಿ” ಎಂದ. ಕೊಡಲಿಯವನು ಅಲ್ಲೇ ಕುಸಿದು ಕುಳಿತ. ಎಲ್ಲರಿಗಿಂತ ಹೆಚ್ಚು ನಿರಾಳವಾದದ್ದು ಅವನಿಗೇ.

“ಮದುವೆ?” ಎಂದು ರಾಜಕುಮಾರಿ ಕೇಳಿದಳು.

“ನಿಮಗೆ ಮನಸ್ಸಿದೆಯಾ, ಅಮ್ಮಣ್ಣಿ?”

“ಸದ್ಯಕ್ಕೆ ನಿದ್ದೆಗೆ ಮಾತ್ರ ಮನಸ್ಸಿದೆ.” ಅವಳು ಅಂದು ಮೊದಲ ಸಲ ನಕ್ಕಳು.

“ಹಾಗಾದರೆ ನನ್ನ ಪಕ್ಕದ ಪೀಠ ನಿನ್ನದು,” ಎಂದ ರಾಜ. “ನಾನು ಆಜ್ಞೆ ಹೊರಡಿಸುವಾಗಲೆಲ್ಲ, ನಿಲ್ಲಿಸಲು ಜಾಗ ಮುಗಿಯುವ ಮೊದಲೇ ವಿ-ಒನ್ ಕೂಗಬೇಕು.”

“ನಾಳೆಯಿಂದ ಬರ್ತೀನಿ, ಬುದ್ಧಿ. ಇವತ್ತು ಮನೆಗೆ ಹೋಗಬೇಕು.”

ದಾರಿಯುದ್ದಕ್ಕೂ ನಂಜುಂಡ, “ವಿ-ಆರ್ ಅಂದುಬಿಟ್ಟೆನಲ್ಲೋ” ಎಂದು ಗೊಣಗುತ್ತಲೇ ಇದ್ದ. ಚಿಕ್ಕೀರ ಅವನ ಕೈ ಬಿಡದೆ ನಡೆದ. “ಇರ್ಲಿ ಬಾ ಅಣ್ಣ,” ಎಂದ, “ನಾಳೆ ಮತ್ತೆ ಪಾಠ ಒಪ್ಪಿಸು. ನಾನು ಕೇಳ್ತೀನಿ.”