ಆರ್ದ್ರೆ ಮುಂದಿನ ಸಾಲಿಗೆ ಬಂದದ್ದು

ನೆಲದ ಮಣ್ಣು ಇನ್ನೂ ಹಸಿಯಾಗಿತ್ತು. ನದಿಗಳು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಅಂಥ ಹೊಸ ಕಾಲದಲ್ಲಿ ಆಕಾಶವೆಲ್ಲ ಬಾನಜ್ಜಿಯ ಮನೆ, ನಕ್ಷತ್ರಗಳೆಲ್ಲ ಅವಳ ಮೊಮ್ಮಕ್ಕಳು.

ಒಂದು ದಿನ ಮಲಪ್ರಭೆ ಹೊಳೆ ಬಾನಜ್ಜಿಯ ಬಳಿ ದೂರು ಹೇಳಿದಳು. ಅಮಾವಾಸ್ಯೆಯ ಕತ್ತಲಲ್ಲಿ ಅವಳ ಮೀನುಗಳು ಬಂಡೆಗೆ ಮೂತಿ ಗುದ್ದಿಕೊಳ್ಳುತ್ತಿದ್ದವು. ಚೆನ್ನಾಗಿ ಬೆಳಗುವವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕೆಂದು ಕೇಳಿಕೊಂಡಳು.

ಬಾನಜ್ಜಿ ಒಪ್ಪಿದಳು. ಆರಿಸುವ ಕೆಲಸವನ್ನು ಗಾಳಿಗೆ ಒಪ್ಪಿಸಿದಳು. ಆಯ್ಕೆಯಾಗದವರು ಆಕಾಶದ ಹಿತ್ತಿಲಿಗೆ ಹೋಗಬೇಕು. ಅಲ್ಲಿದ್ದವರನ್ನು ನೆಲದ ಮೇಲಿನ ಯಾರೂ ಎಂದೂ ನೋಡಲಾರರು.

ಗಾಳಿಗೆ ಕಣ್ಣಿಲ್ಲ. ರೊಟ್ಟಿಯ ಹಂಚು ಕಾದಿದೆಯೇ ಎಂದು ನಾವು ಅಂಗೈ ಒಡ್ಡಿ ನೋಡುತ್ತೇವಲ್ಲ, ಹಾಗೆ ಅವನು ಒಬ್ಬೊಬ್ಬರ ಮುಂದೂ ಅಂಗೈ ಒಡ್ಡಿದ.

ನೀಲಿ ಬಿಳುಪಿನ ನೀಲವ್ವನ ಮುಂದೆ ಕೈ ಚುರ್ ಎಂದಿತು. ಸಾಸವ್ವ ಸಾಸಿವೆ ಕಾಳಿನಷ್ಟೇ ಇದ್ದಳು, ಆದರೆ ಬೆಳ್ಳಗೆ ಉರಿಯುತ್ತಿದ್ದಳು. ಅಲ್ಲೂ ಕೈ ಚುರ್ ಎಂದಿತು. ಹಳದಿ ಸೂರ್ಯಣ್ಣನ ಬಿಸಿ ನಡುತರದ್ದು. ಅವನಿಗೆ ಹೇಗೂ ಹಗಲಿನ ಕೆಲಸವಿತ್ತು.

ಕೊನೆಗೆ ಕೆಂಪು ಆರ್ದ್ರೆ. ಅವಳ ಬಿಸಿ ಎಲ್ಲರಿಗಿಂತ ಕಡಿಮೆ.

"ಇವಳ ಮೇಲೆ ರೊಟ್ಟಿ ಹಾಕಿದರೆ ಮುಂದಿನ ಯುಗಾದಿಗೆ ಬೆಂದೀತು" ಎಂದು ನೀಲವ್ವ ನಕ್ಕಳು.

ಗಾಳಿ ಆರ್ದ್ರೆಗೆ ಹಿತ್ತಿಲು ತೋರಿಸಿದ.

ಅಮಾವಾಸ್ಯೆ ಬಂತು. ನೀಲವ್ವನ ಬೆಳಕು ಹೊಳೆಯ ಒಂದು ದಡಕ್ಕೆ ಚೆನ್ನಾಗಿಯೇ ಬಿತ್ತು. ಇನ್ನೊಂದು ದಡದ ನೇರಕ್ಕೆ ಆಕಾಶದಲ್ಲಿ ನಿಂತಿದ್ದವಳು ಸಾಸವ್ವ. ಅಲ್ಲಿ ಕತ್ತಲೋ ಕತ್ತಲು. ಮೀನುಗಳು ಮತ್ತೆ ಬಂಡೆಗೆ ಗುದ್ದಿಕೊಂಡವು.

ತನ್ನ ಕೈ ಸುಟ್ಟ ಸಾಸವ್ವ ಬೆಳಗದೆ ಇರುವುದು ಹೇಗೆಂದು ಗಾಳಿ ವಾದಿಸಿದ.

"ಬಿಸಿ ಇರುವುದು ನಿಜ ಕಣಪ್ಪಾ" ಎಂದಳು ಮಲಪ್ರಭೆ. "ಆದರೆ ಅಷ್ಟು ಪುಟ್ಟ ಮೈಯಿಂದ ಎಷ್ಟು ಬೆಳಕು ಬಂದೀತು?"

ಇದು ಹಿತ್ತಿಲಿಗೂ ಕೇಳಿಸಿತು. ಆರ್ದ್ರೆ ಅಳುತ್ತಾ ಬರಲಿಲ್ಲ, ತಲೆಯೆತ್ತಿಕೊಂಡು ಬಂದಳು.

"ಅಜ್ಜಿ, ನನ್ನ ಬಿಸಿ ಕಡಿಮೆ, ಇಲ್ಲವೆನ್ನುವುದಿಲ್ಲ. ಆದರೆ ಇವನು ಮುಟ್ಟಿ ನೋಡಿದ್ದು ಒಂದು ಅಂಗೈಯಗಲ ಜಾಗ ಮಾತ್ರ. ನಾನು ಎಷ್ಟು ದೊಡ್ಡವಳು ಅಂತ ಯಾರು ನೋಡಿದರು?"

ಇವಳನ್ನು ಒಂದು ಸುತ್ತು ಹಾಕಿ ಬಾ ಎಂದು ಬಾನಜ್ಜಿ ಗಾಳಿಯನ್ನು ಕಳಿಸಿದಳು. ನೀಲವ್ವನೇನು ಸಣ್ಣವಳಲ್ಲ, ಆದರೂ ಹೋಲಿಸಿ ನೋಡಲೆಂದು ಮೊದಲು ಅವಳನ್ನು ಸುತ್ತಿದಾಗ ಅವನಿಗೆ ಅಷ್ಟು ದಣಿವಾಗಲಿಲ್ಲ. ಆರ್ದ್ರೆಯನ್ನು ಸುತ್ತಿದ, ಸುತ್ತಿದ, ಸುತ್ತುತ್ತಲೇ ಇದ್ದ. ಏದುಸಿರು ಬಿಡುತ್ತಾ ಮರಳಿದವನು ಸೋತೆನೆಂದು ಕುಳಿತುಬಿಟ್ಟ. ಅವಳ ಅಂಗೈಯಗಲ ಜಾಗ ಕೊಡುವ ಬೆಳಕು ಸ್ವಲ್ಪವೇ. ಆದರೆ ಅಂಥ ಜಾಗಗಳಿಗೆ ಅವಳಲ್ಲಿ ಲೆಕ್ಕವೇ ಇರಲಿಲ್ಲ.

ಆರ್ದ್ರೆ ಮುಂದಿನ ಸಾಲಿಗೆ ಬಂದು ನಿಂತಳು. ಕತ್ತಲಿದ್ದ ದಡದ ನೀರಿನ ಮೇಲೆ ಕೆಂಪು ದಾರಿಯೊಂದು ಮೂಡಿತು. ಮೀನುಗಳು ಸಾಲುಗಟ್ಟಿ ಸಾಗಿದವು. ನೀಲವ್ವ ತಾನೇ ಸರಿದು ಜಾಗ ಬಿಟ್ಟಳು.

ಮುಂದಿನ ಸಾಲಿನವಳಿಗೆ ಇನ್ನಷ್ಟು ಕಾವು ಕೊಟ್ಟು ಬೆಳ್ಳಗೆ ಮಾಡಲೇ ಎಂದು ಗಾಳಿ ಕೇಳಿದ.

"ಬೇಡ" ಎಂದಳು ಬಾನಜ್ಜಿ. "ನನ್ನ ಮೊಮ್ಮಗಳು ತನ್ನ ಬಣ್ಣದಲ್ಲೇ ನಿಲ್ಲುತ್ತಾಳೆ."

ಸಾಸವ್ವ ಮುಂದಿನ ಸಾಲು ಬಿಟ್ಟು, ಎಲ್ಲರಿಗಿಂತ ಥಳಥಳ ಹೊಳೆಯುವ ನಕ್ಷತ್ರವಾದ ಅಣ್ಣ ಲುಬ್ಧಕನ ಮಗ್ಗುಲಲ್ಲಿ ನಿಂತಳು. ದೂರದರ್ಶಕವಿಲ್ಲದೆ ಅವಳು ಕಾಣಳು.

ಅದಕ್ಕೇ ಮಗು, ಪುಷ್ಯ ಮಾಸದ ಚಳಿಯಲ್ಲಿ ಸಂಜೆ ಮುಗಿದ ಮೇಲೆ ಪೂರ್ವಕ್ಕೆ ನೋಡಿದರೆ, ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನ ಪಾದದಲ್ಲಿ ಸುಡುಬಿಸಿಯ ನೀಲವ್ವ ನೀಲಿ ಬಿಳುಪಾಗಿ ಉರಿಯುತ್ತಿರುತ್ತಾಳೆ, ಅವನ ಹೆಗಲ ಮೇಲೆ ಬಿಸಿ ಕಡಿಮೆಯಿದ್ದರೂ ಮೈ ದೊಡ್ಡದಾದ ಆರ್ದ್ರೆ ಕೆಂಪಗೆ, ಹೆಚ್ಚುಕಡಿಮೆ ಅವಳಷ್ಟೇ ಬೆಳಗುತ್ತಿರುತ್ತಾಳೆ.